ಅಂದ ಎಷ್ಟು ಇಂಚು?

ಕ್ರೀಡಾಂಗಣದ ಹಿಂಬಾಗಿಲಿನ ಪಕ್ಕದಲ್ಲಿರುವ ಹೊಲಿಗೆ ಅಂಗಡಿಯ ಒಡತಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಈಗ ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಎಲ್ಲರ ಬಾಯಲ್ಲೂ ಅವಳು ಇಂಚಕ್ಕ. ಮೂವತ್ತು ವರ್ಷದಿಂದ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು ಓಟಗಾರರಿಗೆ, ಜಿಗಿಯುವವರಿಗೆ, ಎಸೆಯುವವರಿಗೆ ಅಂಗಿ ಚಡ್ಡಿ ಹೊಲಿಯುತ್ತಿದ್ದವಳಿಗೆ ಮನುಷ್ಯರ ಬಗ್ಗೆ ಮಾತಾಡಲು ಇಂಚು ಬಿಟ್ಟರೆ ಬೇರೆ ಭಾಷೆಯೇ ಬರುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯವರು ತಮ್ಮ ಮಗಳಿಗೆ ಬಂದ ಗಂಡಿನ ಬಗ್ಗೆ ವಿಚಾರಿಸಿದರು. ಹುಡುಗ ಇಂಚಕ್ಕನ ಹಳೆಯ ಗಿರಾಕಿ. ಅವಳು ಒಂದು ಗಳಿಗೆ ಯೋಚಿಸಿ, ಭುಜ ಹದಿನೆಂಟು, ಸೊಂಟ ಮೂವತ್ತೆಂಟು, ಎಡಗಾಲು ಅರ್ಧ ಇಂಚು ಗಿಡ್ಡ ಎಂದಳು. ಗುಣ ಹೇಗೆ ಎಂದು ಕೇಳಿದರೆ, ಗುಣಕ್ಕೆ ನನ್ನ ಹತ್ತಿರ ಟೇಪಿಲ್ಲ ಎಂದುಬಿಟ್ಟಳು.

ಈ ಸ್ವಭಾವ ಹಿರಿಯರಿಗೆ ಒರಟಾಗಿ ಕಂಡರೂ ಅಭ್ಯಾಸಕ್ಕೆ ಬರುವ ಹುಡುಗಿಯರಿಗೆ ಬಲು ಹಿಡಿಸಿತ್ತು. ಮನೆಯಲ್ಲಿ ದಪ್ಪ, ಗಡವಿ, ಕಡ್ಡಿಪೈಲ್ವಾನ್ ಎಂದೆಲ್ಲ ಅನ್ನಿಸಿಕೊಂಡು ಬಂದ ಮಕ್ಕಳಿಗೆ ಇಂಚಕ್ಕನ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಬರೀ ನಲವತ್ತೆರಡು, ಇಪ್ಪತ್ತಾರು. ನಲವತ್ತೆರಡು ಬೈಗುಳವಲ್ಲ, ಎಷ್ಟು ಬಟ್ಟೆ ಬೇಕು ಎನ್ನುವ ಲೆಕ್ಕ, ಅಷ್ಟೆ.

ಅವಳ ಕೆಲಸಕ್ಕೆ ಕೆಲವು ಕಟ್ಟುಪಾಡುಗಳಿದ್ದವು. ಅಳತೆಯನ್ನು ಅವಳು ಕೂಗುವುದು, ಗಿರಾಕಿಯೇ ಪುಸ್ತಕದಲ್ಲಿ ಬರೆಯುವುದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು. ಅವಳು "ಸರಿ" ಎಂದ ಮೇಲೆಯೇ ಕತ್ತರಿ ಕೈಗೆ ಬರುತ್ತಿತ್ತು. ಆ ಪುಸ್ತಕದಲ್ಲಿ ಗಂಡು ಹೆಣ್ಣು ಎಂಬ ಅಂಕಣವೇ ಇರಲಿಲ್ಲ. ಮೈ ಎಷ್ಟು, ಆ ಮೈ ಏನು ಮಾಡುತ್ತದೆ, ಇವೆರಡು ಗೊತ್ತಾದರೆ ಬಟ್ಟೆಗೆ ಸಾಕು ಎಂಬುದು ಅವಳ ವಾದ. ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದಳು, ನಾಳೆ ಮೈ ಬೆಳೆದರೆ ಬಿಡಿಸಿಕೊಡಬೇಕಲ್ಲ. ಉಳಿದ ತುಂಡುಗಳನ್ನು ಎಸೆಯದೆ ಹೆಸರಿನ ಚೀಟಿ ಕಟ್ಟಿ ಗೋಣಿಗೆ ತುಂಬುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡೆಂದರೆ ಪರೀಕ್ಷೆ. ಹೊಲಿದದ್ದನ್ನು ತೊಟ್ಟು, ಅಂಗಡಿಯೊಳಗೇ ತನ್ನ ಆಟ ಆಡಿ ತೋರಿಸದೆ ಯಾರೂ ಬಟ್ಟೆ ಒಯ್ಯುವಂತಿರಲಿಲ್ಲ. ಭರ್ಜಿಯ ಹುಡುಗಿಯೊಬ್ಬಳು ಕಸಬರಿಗೆ ಎಸೆದು ಟ್ಯೂಬ್‌ಲೈಟು ಒಡೆದಿದ್ದಳು. ಕುಸ್ತಿಯ ಹುಡುಗಿ ಎದುರಾಳಿ ಬೇಕೆಂದಾಗ ಜಿಪ್ಪು ಮಾರಲು ಬಂದಿದ್ದವನು ಸಿಕ್ಕಿದ್ದ. ಆ ಪುಣ್ಯಾತ್ಮ ಈಗ ಜಿಪ್ಪುಗಳನ್ನು ಬಾಗಿಲಾಚೆ ನಿಂತೇ ಕೊಟ್ಟು ಹೋಗುತ್ತಾನೆ.

ಇಂಚಕ್ಕನ ತಂಗಿಯ ಮಗಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ, ಅದಕ್ಕೇ ಆ ಹೆಸರು. ಈಗ ಪುಟ್ಟಿಯ ತೂಕ ಎಂಬತ್ತೆಂಟು ಕಿಲೋ, ತೋಳಿನ ಸುತ್ತು ಹದಿನಾರು ಇಂಚು. ಗುಂಡು ಎಸೆತ ಅವಳ ಆಟ. ನಾಲ್ಕು ಕಿಲೋದ ಕಬ್ಬಿಣದ ಉಂಡೆಯನ್ನು ಕತ್ತಿನ ಬುಡಕ್ಕೆ ಒತ್ತಿಟ್ಟುಕೊಂಡು, ಗರ್ರನೆ ತಿರುಗಿ, ಬಾಯಿ ಅಗಲಿಸಿ ಒಂದು ಕೂಗು ಹಾಕಿ ಬಿಟ್ಟಳೆಂದರೆ ಎದುರಿಗಿದ್ದವರು ದಾರಿ ಬಿಡಬೇಕು. ಆ ವರ್ಷದ ದೊಡ್ಡ ಕೂಟದಲ್ಲಿ ಅವಳು ಹದಿನಾರು ಮೀಟರ್ ನಲವತ್ತೆರಡು ಸೆಂಟಿಮೀಟರ್ ಎಸೆದು ಹತ್ತೊಂಬತ್ತು ವರ್ಷದ ಹಳೆಯ ದಾಖಲೆ ಮುರಿದಳು.

ಮರುದಿನವೇ ಪತ್ರಿಕೆಯವನು ಮನೆಗೆ ಬಂದ. ಮುಖಕ್ಕೆ ಏನು ಹಚ್ಚುತ್ತೀರಿ ಎಂದು ಕೇಳಿದ. ಮದುವೆ ಯಾವಾಗ ಎಂದು ಕೇಳಿದ. ಇಷ್ಟು ಭಾರ ಎತ್ತಿದರೆ ಕೈ ಗಂಡಸರ ಕೈಯಂತೆ ಆಗುವುದಿಲ್ಲವೇ ಎಂದೂ ಕೇಳಿದ. ಪುಟ್ಟಿಯ ಅಮ್ಮ ಸಡಗರದಲ್ಲಿ ಎರಡು ಸಲ ತಿಂಡಿ ಕೊಟ್ಟಳು. ಭಾನುವಾರದ ಪುರವಣಿಯಲ್ಲಿ "ಗುಂಡು ಹಿಡಿದ ಗುಳಿಕೆನ್ನೆಯ ಚೆಲುವೆ" ಎಂಬ ತಲೆಬರಹದ ಕೆಳಗೆ ಪುಟ್ಟಿಯ ಫೋಟೋ ಬಂತು. ಅವಳು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವಾಗ ಹಿಂದಿನಿಂದ ತೆಗೆದದ್ದು. ಗುಳಿಕೆನ್ನೆ ಆ ಫೋಟೋದಲ್ಲಿ ಇರಲೇ ಇಲ್ಲ.

ಪುಟ್ಟಿ ಪತ್ರಿಕೆ ಹಿಡಿದು ನೇರವಾಗಿ ಅಂಗಡಿಗೆ ಬಂದಳು. ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದ್ದಾಗಿತ್ತು. "ಮಳೆ ಎಷ್ಟು ಮಿಲಿಮೀಟರ್ ಬಿತ್ತು ಅಂತ ಹಾಕಿದಾರೆ ದೊಡ್ಡಮ್ಮ. ನನ್ನ ಗುಂಡು ಎಷ್ಟು ಮೀಟರಿಗೆ ಬಿತ್ತು ಅಂತ ಎಲ್ಲೂ ಇಲ್ಲ" ಎಂದಳು. ಹತ್ತು ವರ್ಷ ಬೆಳಗಿನ ನಿದ್ದೆ ಬಿಟ್ಟು ಗಳಿಸಿದ್ದು ಆ ಒಂದು ಅಂಕಿ. ಅದನ್ನೇ ಬಿಟ್ಟು ಉಳಿದದ್ದೆಲ್ಲ ಬರೆದಿದ್ದರು. ಇಂಚಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅಳತೆ ಬರೆಯದೆ ಮನುಷ್ಯರ ಬಗ್ಗೆ ಅರ್ಧ ಪುಟ ಬರೆಯುವುದೆಂದರೆ ಅವಳ ಪ್ರಕಾರ ಅದು ಕಸುಬಿಗೇ ದ್ರೋಹ.

ಹಾಗಾಗಿಯೇ, ಯಾವುದೋ ತಂಪು ಪಾನೀಯದ ಕಂಪನಿಯವರು ಜಾಹೀರಾತಿಗೆ ಕರೆದಾಗ ಪುಟ್ಟಿ ಹಾಕಿದ ಷರತ್ತು ಒಂದೇ. ಬೋರ್ಡಿನ ಮೇಲೆ ತನ್ನ ಎಸೆತ ಇರಬೇಕು, ಎಷ್ಟು ದೂರ ಎಂಬುದೂ ಇರಬೇಕು. ಕಂಪನಿಯವನು ಖಂಡಿತ, ಖಂಡಿತ ಎಂದು ತಲೆಯಾಡಿಸಿದ. ಎರಡು ಸಲ ಖಂಡಿತ ಎನ್ನುವವರನ್ನು ನಂಬಬಾರದು ಎಂದು ಇಂಚಕ್ಕ ಹೇಳಿದಳು. ಪುಟ್ಟಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಊರಿಗೆ ಊರೇ ತನ್ನ ಅಂಕಿ ಓದುವುದನ್ನು ಅವಳು ಆಗಲೇ ಕಣ್ಣಲ್ಲಿ ಕಂಡಾಗಿತ್ತು.

ಜಾಹೀರಾತಿನಲ್ಲಿ ಇಬ್ಬರು ಇರಬೇಕಿತ್ತು. ಪುಟ್ಟಿಯ ಜೊತೆಗೆ ಅದೇ ಕ್ರೀಡಾಂಗಣದಲ್ಲಿ ಗುಂಡು ಎಸೆಯುವ, ಎಲ್ಲರೂ ಬಂಡೆ ಎನ್ನುವವನು. ನೂರಾ ಹನ್ನೆರಡು ಕಿಲೋದ, ಗುಂಗುರು ಕೂದಲಿನ, ಯಾರಾದರೂ ಜೋರಾಗಿ ಮಾತಾಡಿದರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಹುಡುಗ. ಕೂಟದಲ್ಲಿ ಅವನಿಗೆ ನಾಲ್ಕನೆಯ ಸ್ಥಾನ ಬಂದಿತ್ತು. ಚಿತ್ರೀಕರಣದ ಹಿಂದಿನ ದಿನ ಬೆಳಗ್ಗೆ, ಕಂಪನಿಯವರು ತಂದಿದ್ದ ಬಟ್ಟೆ ಇಬ್ಬರ ಮೊಣಕಾಲಿನಿಂದ ಮೇಲೆ ಹತ್ತುವುದೇ ಇಲ್ಲ ಎಂದು ಗೊತ್ತಾಯಿತು. ನೀಲಿ ಬಟ್ಟೆಯ ಥಾನು ಮತ್ತು ಎರಡು ಚೀಟಿ ಇಂಚಕ್ಕನ ಮೇಜಿಗೆ ಬಂದವು.

ಮೊದಲ ಚೀಟಿಯಲ್ಲಿ "ಚಾಂಪಿಯನ್: ಪೂರ್ತಿ ಪ್ಯಾಂಟು, ಅರ್ಧ ತೋಳಿನ ಅಂಗಿ, ಗಂಭೀರವಾಗಿರಬೇಕು" ಎಂದಿತ್ತು. ಎರಡನೆಯದರಲ್ಲಿ "ಅಂದಕ್ಕೆ: ಚಿಕ್ಕದು, ಬಿಗಿ, ಹೊಟ್ಟೆ ಕಾಣಬೇಕು" ಎಂದಷ್ಟೇ ಇತ್ತು. ಯಾವುದು ಯಾರಿಗೆ ಎಂದು ಬರೆದಿರಲಿಲ್ಲ. ಬರೆದವನಿಗೆ ಅದು ಬರೆಯುವ ಸಂಗತಿಯೇ ಆಗಿರಲಿಲ್ಲ, ನೋಡಿದ ಯಾರಿಗಾದರೂ ಗೊತ್ತಾಗುತ್ತದೆ ಎಂದುಕೊಂಡಿದ್ದ. ಇಂಚಕ್ಕನಿಗೂ ನೋಡಿದ ತಕ್ಷಣ ಗೊತ್ತಾಯಿತು. ಕೂಟ ಗೆದ್ದವಳು ಪುಟ್ಟಿ, ಆದ್ದರಿಂದ ಚಾಂಪಿಯನ್ ಪುಟ್ಟಿ. ಉಳಿದವನು ಬಂಡೆ, ಆದ್ದರಿಂದ ಅಂದಕ್ಕೆ ಬಂಡೆ. ಇದೇನು ವಿಚಿತ್ರ ಎಂದು ಒಮ್ಮೆ ಅನ್ನಿಸಿತು. ಆಮೇಲೆ ಅವನ ಗುಂಗುರು ಕೂದಲು ನೆನಪಾಗಿ, ಅಂದಕ್ಕೆ ಅವನೇನು ಕಮ್ಮಿ ಎಂದುಕೊಂಡಳು.

ಅವಳನ್ನು ಕಾಡಿದ್ದು ಬೇರೆ. ಚೀಟಿಯಲ್ಲಿ ಅಳತೆ ಇರಲಿಲ್ಲ. ಜಾಹೀರಾತಿನ ನಿರ್ದೇಶಕನಿಗೆ ಫೋನು ಮಾಡಿದಳು.

"ಅಂದಕ್ಕೆ ಅಂತ ಬರೆದಿದೀರಿ. ಅಂದ ಎಷ್ಟು ಇಂಚು?"

ಆ ಕಡೆಯವನಿಗೆ ಅರ್ಥವಾಗಲಿಲ್ಲ. ಸ್ವಲ್ಪ ಹಾಟ್ ಆಗಿ ಇರಲಿ ಎಂದ. ಅದು ಎಷ್ಟು ಇಂಚು ಎಂದು ಇವಳು ಕೇಳಿದಳು. ನೋಡಿದವರ ಕಣ್ಣು ಅಲ್ಲೇ ನಿಲ್ಲಬೇಕು ಎಂದ. ಎಲ್ಲಿ ಎಂದು ಇವಳು ಕೇಳಿದಳು. ಕೊನೆಗೆ ಅವನು ಬೇಸತ್ತು, ಚಡ್ಡಿ ನಾಲ್ಕು ಇಂಚು ಎಂದ. ಅದನ್ನು ತೊಟ್ಟು ಗುಂಡು ಎಸೆಯಲು ಬರುವುದಿಲ್ಲ ಎಂದು ಇಂಚಕ್ಕ ತಿಳಿಸಿ ಹೇಳಿದಳು. "ಎಸೆಯೋದೇನೂ ಬೇಡ ಮೇಡಂ, ಬಗ್ಗಿ ನಿಂತ್ಕೊಂಡ್ರೆ ಸಾಕು" ಎಂದು ಅವನು ಫೋನಿಟ್ಟ.

ಬಗ್ಗಿದರೆ ಹೊಲಿಗೆ ಬಿಡುತ್ತದೆ ಎಂದು ಇವಳು ಹೇಳಬೇಕೆಂದಿದ್ದದ್ದು ಗಂಟಲಲ್ಲೇ ಉಳಿಯಿತು. ಗಿರಾಕಿ ಹೇಳಿದ ಅಳತೆ ಹೇಳಿದ ಹಾಗೆ. ಇಬ್ಬರ ಮೈಯಳತೆಯೂ ಪುಸ್ತಕದಲ್ಲಿತ್ತು. ಪುಟ್ಟಿಯೂ ಬಂಡೆಯೂ ಅಷ್ಟರಲ್ಲಿ ಪಕ್ಕದೂರಿನ ಪಂದ್ಯಕ್ಕೆ ಹೊರಟುಹೋಗಿದ್ದರಿಂದ, ಮೂವತ್ತು ವರ್ಷದಲ್ಲಿ ಮೊದಲ ಸಲ ಪರೀಕ್ಷೆ ಇಲ್ಲದೆ ಎರಡು ಜೊತೆ ಬಟ್ಟೆ ಅಂಗಡಿಯಿಂದ ಹೊರಗೆ ಹೋದವು.

ಮರುದಿನ ಬೆಳಗ್ಗೆ ಮೈದಾನದಲ್ಲಿ ದೀಪ, ಕ್ಯಾಮೆರಾ, ಬಿಳಿ ಕೊಡೆ ಎಲ್ಲ ನಿಂತಿದ್ದವು. ಹತ್ತು ಗಂಟೆಗೆ ಶಾಲಾ ಮಕ್ಕಳ ಕ್ರೀಡೆ ಶುರು, ಅಷ್ಟರೊಳಗೆ ಜಾಗ ಬಿಡಬೇಕಿತ್ತು. ಹೆಸರು ಬರೆದ ಚೀಲ ಹಿಡಿದು ಇಬ್ಬರೂ ಬಟ್ಟೆ ಬದಲಿಸಲು ಹೋದರು. ಪುಟ್ಟಿ ಮೊದಲು ಹೊರಬಂದಳು. ನೀಲಿ ಪ್ಯಾಂಟು, ಅರ್ಧ ತೋಳಿನ ಅಂಗಿ, ಮೈಗೆ ಹೇಳಿ ಮಾಡಿಸಿದಂತೆ. ನಿರ್ದೇಶಕ ಹುಬ್ಬೇರಿಸಿದ. ಅವನು ಬಾಯಿ ತೆರೆಯುವ ಮೊದಲೇ ಬಂಡೆ ಬಂದ.

ಬಂಡೆ ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ. ಹಿರಿಯರು ಹೇಳಿದ್ದನ್ನು ಮೀರದ ಹುಡುಗ, ಟವೆಲ್ ತೆಗೆ ಎಂದಾಗ ತೆಗೆದ. ಅಂಗಿ ಎದೆಯ ಕೆಳಗೇ ಮುಗಿದಿತ್ತು. ಚಡ್ಡಿ ಕರಾರುವಾಕ್ಕಾಗಿ ನಾಲ್ಕು ಇಂಚು. ನಡುವೆ ಇದ್ದದ್ದೆಲ್ಲ ಬಂಡೆಯೇ. ದೀಪ ಹಿಡಿದಿದ್ದವನು ದೀಪ ಬಿಟ್ಟ. ಮುಖಕ್ಕೆ ಬಣ್ಣ ಹಚ್ಚುವ ಹೆಂಗಸು ಕೊಡೆಯ ಹಿಂದೆ ಹೋಗಿ ನಕ್ಕು ನಕ್ಕು ಕೆಮ್ಮಿದಳು. ಯಾರೋ ಫೋನು ತೆಗೆದು ಫೋಟೋ ಹೊಡೆದರು.

"ಇದನ್ನ ಯಾರು ಹೀಗೆ ಹೊಲಿದಿದ್ದು?" ಎಂದ ನಿರ್ದೇಶಕ.

ಇಂಚಕ್ಕ ಮುಂದೆ ಬಂದು ಎರಡೂ ಚೀಟಿ ತೋರಿಸಿದಳು. "ಚಾಂಪಿಯನ್‌ಗೆ ಪೂರ್ತಿ ಅಂತ ಬರೆದಿದೀರಿ. ಗೆದ್ದಿರೋದು ಇವಳು."

"ನಂದು ನಾಲ್ಕನೇ ಸ್ಥಾನ ಸಾರ್" ಎಂದು ಬಂಡೆ ಪ್ರಾಮಾಣಿಕವಾಗಿ ಸೇರಿಸಿದ.

ನಿರ್ದೇಶಕ ಚೀಟಿ ನೋಡಿದ, ಪುಟ್ಟಿಯನ್ನು ನೋಡಿದ, ಮತ್ತೆ ಚೀಟಿ ನೋಡಿದ. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೋದರೆ ಬೆರಳು ತನ್ನ ಕಡೆಗೇ ತಿರುಗುತ್ತಿತ್ತು. ಅಷ್ಟರಲ್ಲಿ ಬಂಡೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗಾಬರಿಯಾಗಿ, ಕೈಗೊಂದು ಕೆಲಸವಿರಲಿ ಎಂದು ಗುಂಡು ಎತ್ತಿಕೊಳ್ಳಲು ಬಗ್ಗಿದ. ಇಂಚಕ್ಕ ಹಿಂದಿನ ದಿನ ಹೇಳಬೇಕೆಂದಿದ್ದದ್ದನ್ನು ಚಡ್ಡಿಯೇ ಪರ್ರೆಂದು ಹೇಳಿತು.

ಬಂಡೆ ಟವೆಲ್ ಸುತ್ತಿಕೊಂಡು ನೆಲಕ್ಕೆ ಕುಕ್ಕರಿಸಿದ. ಕಿವಿ ಕೆಂಪಗಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. "ಎಲ್ಲರ ಕಣ್ಣೂ ಇಲ್ಲೇ ಇದೆ ಅನ್ಸತ್ತೆ ಪುಟ್ಟಿ. ಗುಂಡು ಹೇಗೆ ಹಿಡೀಬೇಕು ಅನ್ನೋದೇ ಮರೆತುಹೋಯ್ತು" ಎಂದ.

"ಅದು ನನಗೆ ಅಂತ ಬರೆದಿದ್ದು" ಎಂದಳು ಪುಟ್ಟಿ.

ಬಂಡೆ ಹರಿದ ಬಟ್ಟೆ ನೋಡಿಕೊಂಡ. ಆಮೇಲೆ ಅವಳ ಮುಖ ನೋಡಿದ. ಅಷ್ಟು ಹೊತ್ತು ನಗುತ್ತಿದ್ದ ಬಣ್ಣದ ಹೆಂಗಸು ಕೊಡೆಯ ಹಿಂದಿನಿಂದ ಬಂದು ಬಂಡೆಗೆ ತನ್ನ ಮೇಲಂಗಿ ಹೊದಿಸಿದಳು. ನಿರ್ದೇಶಕ ಗಡಿಯಾರ ನೋಡಿದ. ಒಂಬತ್ತೂ ಕಾಲಾಗಿತ್ತು. ಚಿಕ್ಕದ್ದು ಹರಿದಿತ್ತು, ಪೂರ್ತಿಯದು ಪುಟ್ಟಿಯ ಮೈಮೇಲಿತ್ತು. ಹೊಸದು ಹೊಲಿಯಲು ಸಮಯವಿರಲಿಲ್ಲ.

ಹೀಗಾಗಿ ಪುಟ್ಟಿಗೆ ಎಸೆಯುವ ಅವಕಾಶ ಬಂತು. ಎಸೆಯುವಾಗ ಸ್ವಲ್ಪ ನಗಬೇಕು ಎಂದು ನಿರ್ದೇಶಕ ಕೇಳಿಕೊಂಡ. ನೀವೊಂದು ಸಲ ಮೂಟೆ ಎತ್ತಿ ನಗಿ, ನೋಡಿ ಕಲೀತೀನಿ ಎಂದಳು ಪುಟ್ಟಿ. ವೃತ್ತದೊಳಗೆ ಹೋಗಿ, ಉಂಡೆಯನ್ನು ಕತ್ತಿಗೆ ಒತ್ತಿ, ತಿರುಗಿ, ಬಾವಿಯಷ್ಟು ಬಾಯಿ ತೆರೆದು ಕೂಗಿ ಬಿಟ್ಟಳು. ಗುಂಡು ಬಿಳಿ ಕೊಡೆಯ ಬುಡದಲ್ಲಿ ಬಿದ್ದು ಹೂತುಕೊಂಡಿತು. ಕ್ರೀಡೆಗೆ ಬಂದು ಸಾಲಾಗಿ ನಿಂತಿದ್ದ ಶಾಲಾ ಮಕ್ಕಳು ಚಪ್ಪಾಳೆ ಹೊಡೆದರು. ಫೋಟೋ ಸಿಕ್ಕಿತು, ಅಂಕಿಯೂ ಬರುತ್ತದೆ ಎಂದು ಪುಟ್ಟಿ ಆ ದಿನವೆಲ್ಲ ಹಾಡಿಕೊಂಡು ತಿರುಗಿದಳು.

ಒಂದು ತಿಂಗಳಾದ ಮೇಲೆ ಕ್ರೀಡಾಂಗಣದ ಹೆಬ್ಬಾಗಿಲ ಮೇಲೆ ಫ್ಲೆಕ್ಸ್ ಬೋರ್ಡು ಬಂತು. ಪುಟ್ಟಿ ಇದ್ದಳು, ನೀಲಿ ಅಂಗಿ ಇತ್ತು, ಕೈಯಲ್ಲಿ ಗುಂಡೂ ಇತ್ತು. ಆದರೆ ಆ ದೊಡ್ಡ ಬಾಯಿ ಮುಚ್ಚಿಹೋಗಿ, ಕೆಂಪು ತುಟಿಯ ಒಂದು ಮುಗುಳ್ನಗೆ ಕೂತಿತ್ತು. ಕಾಲ ಬುಡದಲ್ಲಿ ಪಾನೀಯದ ಬಾಟಲಿ ಇತ್ತು. ಅಂಕಿ ಇರಲಿಲ್ಲ. ಪುಟ್ಟಿ ಬೋರ್ಡಿನ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಅಭ್ಯಾಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎಸೆದರೇನು ಬಿಟ್ಟರೇನು ಎಂದು ಅಮ್ಮನಿಗೆ ಹೇಳಿದಳಂತೆ.

ಅದನ್ನು ಕೇಳಿದ ಇಂಚಕ್ಕ ಕತ್ತರಿ ಕೆಳಗಿಟ್ಟು ಹೆಬ್ಬಾಗಿಲಿಗೆ ಬಂದಳು. ಬೋರ್ಡಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ಮುಖದ ವಿಷಯ ಇರಲಿ, ತೋಳಿನಲ್ಲೇ ಏನೋ ಎಡವಟ್ಟಿತ್ತು. ತಾನು ಹೊಲಿದ ತೋಳು ಹೀಗೆ ಕೂರುವುದಿಲ್ಲ. ದೀಪ ರಿಪೇರಿಯವನ ಏಣಿ ತರಿಸಿ, ಬಂಡೆಯ ಕೈಗೆ ಹಿಡಿಯಲು ಕೊಟ್ಟು, ಟೇಪು ಸಮೇತ ಮೇಲೆ ಹತ್ತಿದಳು. ಪುಟ್ಟಿಯ ಗುಂಡಿನ ಅಗಲ ನಾಲ್ಕು ಇಂಚು, ಅವಳ ತೋಳಿನ ಅಗಲ ಐದು. ಬೋರ್ಡಿನ ಗುಂಡು ಹನ್ನೆರಡು ಇಂಚು ಬಂತು. ಆ ಲೆಕ್ಕಕ್ಕೆ ತೋಳು ಹದಿನೈದು ಇರಬೇಕು. ಇದ್ದದ್ದು ಹತ್ತು. ಕಂಪ್ಯೂಟರಿನ ಮುಂದೆ ಕೂತ ಯಾರೋ ಒಬ್ಬ ಪುಟ್ಟಿಯ ತೋಳಿನಿಂದ ಐದು ಇಂಚು ಕತ್ತರಿಸಿಬಿಟ್ಟಿದ್ದ.

ಇಂಚಕ್ಕನ ಕಸುಬಿನಲ್ಲಿ ಇದಕ್ಕೆ ಇರುವುದು ಒಂದೇ ಮದ್ದು. ಬಿಗಿಯಾದರೆ ಬಿಡಿಸಿಕೊಡಬೇಕು. ಗೋಣಿಯಿಂದ ಪುಟ್ಟಿಯ ಹೆಸರಿನ ಚೀಟಿಯಿದ್ದ ನೀಲಿ ತುಂಡು ತೆಗೆದಳು. ಮೂಟೆ ಹೊಲಿಯುವ ದಬ್ಬಳಕ್ಕೆ ದಪ್ಪ ದಾರ ಪೋಣಿಸಿದಳು. ಬೆಳಗಿನ ಬಿಸಿಲಿನಲ್ಲಿ, ಎಲ್ಲರ ಎದುರಿಗೆ, ಅವಳು ಬೋರ್ಡಿನ ಮುಂದಿನಿಂದ ದಬ್ಬಳ ಚುಚ್ಚುವುದು, ಹಿಂದೆ ಕಂಬ ಹತ್ತಿ ಕೂತ ಬಂಡೆ ಎಳೆದು ವಾಪಸು ಚುಚ್ಚುವುದು. ಎರಡು ಸಲ ಅವಳ ಬೆರಳಿಗೆ ಚುಚ್ಚಿ ಎರಡು ಸಲ ಅತ್ತ. ಹನ್ನೊಂದು ಗಂಟೆಯ ಹೊತ್ತಿಗೆ ತೋಳು ಹದಿನೈದು ಇಂಚಾಯಿತು, ಅಂಚಿಗೆ ಜೋಡು ಹೊಲಿಗೆಯೂ ಬಿತ್ತು.

ಸುದ್ದಿ ಹರಡಲು ಎಷ್ಟು ಹೊತ್ತು? ನೋಡಲು ಬಂದವರಿಂದ ಬಾಗಿಲು ಕಟ್ಟಿಹೋಯಿತು. ಮಧ್ಯಾಹ್ನ ಕಂಪನಿಯವನ ಫೋನು ಬಂತು. ನಮ್ಮ ಬೋರ್ಡು ಹಾಳು ಮಾಡಿದ್ದೀರಿ, ಅಂದಕ್ಕೆ ಅಂತ ಸ್ವಲ್ಪ ಸರಿಪಡಿಸಿದ್ದೆವು ಅಷ್ಟೆ ಎಂದು ಕೂಗಾಡಿದ.

"ಈಗ ಗೊತ್ತಾಯ್ತು ಬಿಡಿ" ಎಂದಳು ಇಂಚಕ್ಕ. "ಅಂದ ಎಷ್ಟು ಇಂಚು ಅಂತ ಅವತ್ತೇ ಕೇಳಿದ್ದೆ. ನಿಮ್ಮ ಲೆಕ್ಕದಲ್ಲಿ ಐದು. ಅದನ್ನ ನಾನು ವಾಪಸು ಹಾಕಿದೀನಿ."

ಸಂಜೆಗೆ ಪತ್ರಿಕೆಯವನು ಬಂದ. ಗುಳಿಕೆನ್ನೆ ಎಂದು ಬರೆದಿದ್ದ ಅದೇ ಮಹರಾಯ. ಏಣಿ ಹತ್ತುವಾಗ ನಿಮಗೆ ಏನನ್ನಿಸಿತು, ನಿಮ್ಮ ವಯಸ್ಸೆಷ್ಟು ಎಂದು ಶುರು ಮಾಡಿದ. ಇಂಚಕ್ಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಹೇಳಿದ್ದನ್ನು ಬರ್ಕೋ ಎಂದಳು. ಗುಂಡು, ತೋಳು, ಬೋರ್ಡು ಎಲ್ಲದರ ಅಳತೆ ಕೂಗಿದಳು. ಕೊನೆಗೆ, ಎಸೆದ ದೂರ ಹದಿನಾರು ಮೀಟರ್ ನಲವತ್ತೆರಡು ಸೆಂಟಿಮೀಟರ್ ಎಂದಳು. ಅದು ಹಳೆಯ ಸುದ್ದಿಯಲ್ಲವೇ, ಬೇಕೇ ಎಂದು ಅವನು ಪೆನ್ನು ಎತ್ತಿ ಕೇಳಿದ. ಬಾಗಿಲಿಗೆ ಒರಗಿ ನಿಂತಿದ್ದ ಬಂಡೆ ಸುಮ್ಮನೆ ಒಂದು ಹೆಜ್ಜೆ ಮುಂದೆ ಬಂದ. ಪತ್ರಿಕೆಯವನು ಬರೆದುಕೊಂಡ.

"ಓದಿ ಹೇಳು" ಎಂದಳು ಇಂಚಕ್ಕ.

ಅವನು ಶಾಲೆಯ ಹುಡುಗನಂತೆ ಮೊದಲಿನಿಂದ ಓದಿ ಹೇಳಿದ. ಸರಿ ಎನ್ನಿಸಿಕೊಂಡ ಮೇಲೆ ಹೋದ.

ಮರುದಿನ ಬೆಳಗ್ಗೆ ಇಂಚಕ್ಕ ಹೊಲಿಯುತ್ತಿದ್ದಾಗ ಪುಟ್ಟಿ ಬಂದಳು. ಅಭ್ಯಾಸದ ಬೂಟು ಹಾಕಿದ್ದಳು, ಕೈಯಲ್ಲಿ ಪತ್ರಿಕೆ ಇತ್ತು. ಬೋರ್ಡಿನ ಫೋಟೋ, ಅದರ ಕೆಳಗೆ ನಾಲ್ಕು ಸಾಲು. ಅದನ್ನು ದೊಡ್ಡಮ್ಮನ ಮುಂದೆ ಚಾಚಿದಳು. ಇಂಚಕ್ಕ ತಲೆಯೆತ್ತದೆ, ಓದಿ ಹೇಳು ಎಂದಳು.

"ಹದಿನಾರು ಮೀಟರ್" ಎಂದಳು ಪುಟ್ಟಿ. ಆ ಸಾಲಿನ ಮೇಲೆ ಬೆರಳಿಟ್ಟು, "ನಲವತ್ತೆರಡು ಸೆಂಟಿಮೀಟರ್" ಎಂದಳು.

"ಸರಿ" ಎಂದಳು ಇಂಚಕ್ಕ. ಹೆಮ್ಮೆಗೆ ಅವಳ ಕಣ್ಣು ತುಂಬಿಬಂದಿತ್ತು. ದಾರ ತುಂಡಾಗಿ ಎಷ್ಟು ಹೊತ್ತಾದರೂ ಸೂಜಿಯ ಕಣ್ಣೇ ಕಾಣಲಿಲ್ಲ. ಕೊನೆಗೆ ಪುಟ್ಟಿಯೇ ಆ ಹದಿನಾರು ಇಂಚಿನ ತೋಳು ಚಾಚಿ ದಾರ ಪೋಣಿಸಿಕೊಟ್ಟು ಮೈದಾನಕ್ಕೆ ಹೋದಳು.